ಒಂದು ಫಾರಂ ಐದು ನಿಮಿಷದ್ದು, ಇನ್ನೊಂದು ಎರಡು ವರ್ಷದ್ದು

2019ರ ಸೆಪ್ಟೆಂಬರ್ 20, ಶುಕ್ರವಾರ. ಅಂದು ಬೆಳಿಗ್ಗೆ ನಾನು ಬೆಂಗಳೂರಿನ ನಮ್ಮ ಆಡಿಟ್ ಕಚೇರಿಯಲ್ಲಿ ಒಂದು ಕಂಪನಿಯ ಸವಕಳಿ ಪಟ್ಟಿಯನ್ನು, ಅಂದರೆ ಯಂತ್ರ-ಕಟ್ಟಡಗಳ ಬೆಲೆ ವರ್ಷವರ್ಷ ಇಳಿಯುವ ಲೆಕ್ಕವನ್ನು, ತಾಳೆ ನೋಡುತ್ತ ಕುಳಿತಿದ್ದೆ. ತೆರಿಗೆ ಆಡಿಟ್ ವರದಿಗಳ ಕಾಲವಾದ್ದರಿಂದ ಯಾರಿಗೂ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಆದರೂ ಹನ್ನೊಂದರ ಸುಮಾರಿಗೆ ಎಲ್ಲರೂ ಕುರ್ಚಿ ಬಿಟ್ಟೆದ್ದು ಟಿವಿಯ ಮುಂದೆ ನಿಂತಿದ್ದರು. ಜಿಎಸ್‌ಟಿ ಮಂಡಳಿಯ ಸಭೆಗೆಂದು ಗೋವಾಕ್ಕೆ ಹೋಗಿದ್ದ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ದೇಶೀಯ ಕಂಪನಿಗಳ ಆದಾಯ ತೆರಿಗೆಯ ಮೂಲ ದರವನ್ನು ಶೇ 22ಕ್ಕೆ ಇಳಿಸುವ ಸುಗ್ರೀವಾಜ್ಞೆಯನ್ನು ಪ್ರಕಟಿಸಿದ್ದರು. ದೊಡ್ಡ ಕಂಪನಿಗಳಿಗೆ ಅದುವರೆಗೆ ಆ ದರ ಶೇ 30 ಇತ್ತು. ಮೇಲ್ತೆರಿಗೆ ಮತ್ತು ಸೆಸ್ ಸೇರಿಸಿದರೆ ಹೊಸ ದರ ಶೇ 25.17. ಅದೇ ವರ್ಷ ಅಕ್ಟೋಬರ್ 1ರಿಂದೀಚೆಗೆ ನೋಂದಣಿಯಾಗುವ ಹೊಸ ಉತ್ಪಾದನಾ ಕಂಪನಿಗಳಿಗೆ ಮೂಲ ದರ ಶೇ 15 ಮಾತ್ರ. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಆಗಬಹುದೆಂದು ಸರ್ಕಾರವೇ ಅಂದಾಜು ಮಾಡಿ ಹೇಳಿತ್ತು. ಆ ದಿನ ಸೆನ್ಸೆಕ್ಸ್ 1,921 ಅಂಶ ಏರಿ ಮುಚ್ಚಿತು.

ಮಧ್ಯಾಹ್ನ ಅಕ್ಕನ ಫೋನು ಬಂತು. ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿರುವ ಅಕ್ಕನ ಮಗಳು ಚೊಚ್ಚಲ ಬಸುರಿ. ಆಗ ಅವಳಿಗೆ ಎಂಟು ತಿಂಗಳು ತುಂಬಿತ್ತು. "ತಂಗೀ, ಅಂಗನವಾಡಿಯೊಳಗ ಎರಡನೇ ಕಂತಿನ ಫಾರಂ ತಗೊಳ್ಳವಲ್ಲರು. ಅಳಿಯನ ಆಧಾರಿನೊಳಗ ಹೆಸರು ಬ್ಯಾರೆ ಐತಿ, ರೇಷನ್ ಕಾರ್ಡಿನೊಳಗ ಬ್ಯಾರೆ ಐತಿ ಅಂತಾರ. ನೀ ಕಾಗದಪತ್ರದ ಕೆಲಸ ಮಾಡಾಕಿ, ಏನರ ಹೇಳು" ಎಂದಳು. ಅವಳು ಕೇಳುತ್ತಿದ್ದುದು ಬಸುರಿಯರಿಗೆ ಸರ್ಕಾರ ಕೊಡುವ ಎರಡು ಸಾವಿರ ರೂಪಾಯಿಯ ಬಗ್ಗೆ. ನಮ್ಮ ಕಚೇರಿಯಲ್ಲಿ ಆ ಹೊತ್ತಿಗೆ ಒಬ್ಬೊಬ್ಬ ಕಕ್ಷಿದಾರರಿಗೆ ಎಷ್ಟು ಕೋಟಿ ಉಳಿಯುತ್ತದೆ ಎಂಬ ಲೆಕ್ಕ ನಡೆದಿತ್ತು. ಒಂದೇ ದಿನ ಕಿವಿಗೆ ಬಿದ್ದ ಆ ಎರಡು ಮೊತ್ತಗಳನ್ನು ನನಗೆ ಇಂದಿಗೂ ಬೇರೆ ಬೇರೆಯಾಗಿ ನೋಡಲು ಸಾಧ್ಯವಾಗಿಲ್ಲ. ಈ ಬರಹಕ್ಕೆ ಅದೇ ಕಾರಣ.

ಮೊದಲು ತಾಯಂದಿರ ಹಣದ ವಿಚಾರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಸೆಕ್ಷನ್, ಸರ್ಕಾರಿ ಅಥವಾ ಸಾರ್ವಜನಿಕ ಉದ್ಯಮದ ಕಾಯಂ ನೌಕರಿಯಲ್ಲಿ ಇರುವವರನ್ನು ಮತ್ತು ಬೇರೆ ಕಾನೂನಿನಡಿ ಅಂಥದೇ ಸೌಲಭ್ಯ ಪಡೆಯುವವರನ್ನು ಬಿಟ್ಟು, ದೇಶದ ಪ್ರತಿಯೊಬ್ಬ ಗರ್ಭಿಣಿಗೂ ಬಾಣಂತಿಗೂ ಆರು ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆಯ ಹಕ್ಕನ್ನು ಕೊಡುತ್ತದೆ. ಮಗುವಿನ ಸಂಖ್ಯೆಯ ಮಾತು ಆ ಸೆಕ್ಷನ್ನಿನಲ್ಲಿ ಇಲ್ಲ. ಕಾಯ್ದೆ ಬಂದು ಮೂರು ವರ್ಷ ದಾಟಿದ ಮೇಲೆ, 2017ರ ಜನವರಿ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಆ ಹಕ್ಕನ್ನು ಮೊದಲ ಮಗುವಿಗೆ ಮಾತ್ರ ಸೀಮಿತಗೊಳಿಸಿತು, ಮೊತ್ತವನ್ನು ಐದು ಸಾವಿರಕ್ಕೆ ಇಳಿಸಿತು, ಅದನ್ನೂ ಮೂರು ಕಂತುಗಳಾಗಿ ಒಡೆಯಿತು. ಆಗ ಗರ್ಭಧಾರಣೆಯನ್ನು ಬೇಗನೆ ನೋಂದಾಯಿಸಿದರೆ ಒಂದು ಸಾವಿರ. ಕನಿಷ್ಠ ಒಂದು ತಪಾಸಣೆಯಾಗಿ ಆರು ತಿಂಗಳು ಕಳೆದರೆ ಎರಡು ಸಾವಿರ. ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದರೆ ಉಳಿದ ಎರಡು ಸಾವಿರ. ಪ್ರತಿ ಕಂತಿಗೂ ಒಂದು ಫಾರಂ. ಕೊನೆಯ ಮುಟ್ಟಿನ ದಿನದಿಂದ 730 ದಿನಗಳ ಒಳಗೆ ಎಲ್ಲ ಅರ್ಜಿಗಳೂ ಸಲ್ಲಿಕೆಯಾಗಿರಬೇಕಿತ್ತು. ತಾಯಿ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕ, ತನ್ನ ಆಧಾರ್ ಮತ್ತು ಆಗಿನ ನಿಯಮದ ಪ್ರಕಾರ ಗಂಡನ ಆಧಾರ್ ಸಹ ಬೇಕಿತ್ತು. ತವರಿಗೆ ಬಂದು ಹೆರುವ ಹುಡುಗಿಯ ಕಾರ್ಡು ಒಂದು ಊರಲ್ಲಿ, ಖಾತೆ ಇನ್ನೊಂದು ಊರಲ್ಲಿ, ಗಂಡ ದುಡಿಯಲು ಹೋದ ಊರು ಮತ್ತೊಂದು. ಈ ಮೂರನ್ನೂ ಒಂದೇ ಮೇಜಿನ ಮೇಲೆ ಕೂಡಿಸುವುದು ಎಷ್ಟು ಕಷ್ಟವೆಂದು ನಮ್ಮ ಕಡೆಯ ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಬೇಕು.

ಇನ್ನು ಕಂಪನಿಗಳ ವಿಚಾರ. ಶೇ 22ರ ದರ 1961ರ ಆದಾಯ ತೆರಿಗೆ ಕಾಯ್ದೆಗೆ 115ಬಿಎಎ ಎಂಬ ಹೊಸ ಸೆಕ್ಷನ್ ಆಗಿ ಸೇರಿತು. ಅದನ್ನು ಆಯ್ದುಕೊಳ್ಳಲು ಬೇಕಾದದ್ದು 10-ಐಸಿ ಎಂಬ ಒಂದು ಆನ್‌ಲೈನ್ ಫಾರಂ. ಕಂಪನಿಯ ಹೆಸರು, ಪ್ಯಾನ್, ವಿಳಾಸ, ಸ್ಥಾಪನೆಯಾದ ದಿನಾಂಕ, ವ್ಯವಹಾರದ ಸ್ವರೂಪ ಮುಂತಾದ ಕೆಲವು ವಿವರಗಳನ್ನು ತುಂಬಿ, ಡಿಜಿಟಲ್ ಸಹಿ ಹಾಕಿ ಕಳಿಸಿದರೆ ಮುಗಿಯಿತು. ನಾನೇ ಹಲವು ಕಂಪನಿಗಳ ಪರವಾಗಿ ಈ ಫಾರಂ ತುಂಬಿದ್ದೇನೆ. ದಾಖಲೆಗಳು ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೂ ಒಂದು ಷರತ್ತು ಇದೆ: ಈ ದರ ಬೇಕೆನ್ನುವ ಕಂಪನಿ ವಿಶೇಷ ಆರ್ಥಿಕ ವಲಯದ ರಿಯಾಯಿತಿ, ಹೆಚ್ಚುವರಿ ಸವಕಳಿ ಮುಂತಾದ ಹಲವು ವಿನಾಯಿತಿಗಳನ್ನು ಬಿಟ್ಟುಕೊಡಬೇಕು. ಆದರೆ ಉಳಿದ ಹಣದಿಂದ ಹೊಸ ಕಾರ್ಖಾನೆ ಕಟ್ಟಬೇಕು, ಇಷ್ಟು ಜನರಿಗೆ ಕೆಲಸ ಕೊಡಬೇಕು, ಇಷ್ಟು ಭಾಗವನ್ನು ಮರುಹೂಡಿಕೆ ಮಾಡಬೇಕು ಎಂಬ ಒಂದು ಸಾಲೂ ಆ ಸೆಕ್ಷನ್ನಿನಲ್ಲಿ ಇಲ್ಲ. ಹೂಡಿಕೆ ಮತ್ತು ಉದ್ಯೋಗದ ಹೆಸರಿನಲ್ಲಿ ಕೊಟ್ಟ ರಿಯಾಯಿತಿಯಲ್ಲಿ ಹೂಡಿಕೆಯ ಪುರಾವೆಯನ್ನು ಯಾರೂ ಕೇಳಲಿಲ್ಲ. ಮಗುವಿನ ಆರೋಗ್ಯದ ಹೆಸರಿನಲ್ಲಿ ಕೊಡುವ ಎರಡು ಸಾವಿರಕ್ಕೆ ಮಾತ್ರ ಲಸಿಕೆ ಚುಚ್ಚಿಸಿದ ದಿನಾಂಕವನ್ನೂ ಕೇಳಲಾಗುತ್ತದೆ.

ತೆರಿಗೆ ಇಳಿಕೆಯನ್ನು ಸಮರ್ಥಿಸುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2019ರಲ್ಲಿ ಆರ್ಥಿಕತೆ ನಿಧಾನವಾಗಿತ್ತು, ಕಾರು ಮಾರಾಟದಿಂದ ಬಿಸ್ಕತ್ತು ಮಾರಾಟದವರೆಗೆ ಎಲ್ಲ ಕಡೆ ಕುಸಿತದ ಸುದ್ದಿ ಇತ್ತು. ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಕಂಪನಿ ತೆರಿಗೆ ಶೇ 20 ಇರುವಾಗ ನಮ್ಮ ದರ ಹೆಚ್ಚಾದರೆ ಕಾರ್ಖಾನೆಗಳು ಅಲ್ಲಿಗೆ ಹೋಗುತ್ತವೆ ಎಂಬ ಆತಂಕದಲ್ಲೂ ಸತ್ಯಾಂಶವಿತ್ತು. ಹತ್ತಾರು ವಿನಾಯಿತಿಗಳ ಗೋಜಲಿಗಿಂತ ಒಂದು ಸರಳ ದರ ಒಳ್ಳೆಯದೆಂಬುದನ್ನು ಈ ಕೆಲಸ ಮಾಡುವ ನಾನಂತೂ ಒಪ್ಪುತ್ತೇನೆ. ಆದರೆ ಫಲಿತಾಂಶವೇನಾಯಿತೆಂದು ನೋಡಿದರೆ, 2020ರ ಆಗಸ್ಟ್‌ನಲ್ಲಿ ಬಂದ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯೇ, ಕಂಪನಿಗಳು ತೆರಿಗೆ ಇಳಿಕೆಯ ಹಣವನ್ನು ಹೊಸ ಹೂಡಿಕೆಗೆ ಬಳಸುವ ಬದಲು ಸಾಲ ತೀರಿಸಲು ಮತ್ತು ನಗದು ಶೇಖರಿಸಲು ಬಳಸಿವೆ ಎಂದು ದಾಖಲಿಸಿತು. ಆ ಹೊತ್ತಿಗೆ ಕೋವಿಡ್ ಬಂದಿತ್ತು, ಆದ್ದರಿಂದ ಒಂದು ವರ್ಷದ ಲೆಕ್ಕವನ್ನೇ ಹಿಡಿದು ತೀರ್ಪು ಕೊಡುವುದು ಸರಿಯಲ್ಲ. ಆದರೆ ಕೋವಿಡ್ ಕಳೆದು ಬಹಳ ದಿನಗಳಾದ ಮೇಲೆ ಬಂದ 2024-25ರ ಆರ್ಥಿಕ ಸಮೀಕ್ಷೆ ಸಹ, 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ 22.3ರಷ್ಟು ಏರಿದರೆ ಅವುಗಳಲ್ಲಿನ ಉದ್ಯೋಗ ಏರಿದ್ದು ಶೇ 1.5 ಮಾತ್ರ ಎಂದು ಹೇಳಿತು. ಇದು ವಿರೋಧ ಪಕ್ಷದ ಭಾಷಣವಲ್ಲ. ಹಣಕಾಸು ಸಚಿವಾಲಯದ ದಾಖಲೆ.

ತೆರಿಗೆ ಸಂಗ್ರಹ ಆಮೇಲೆ ಚೇತರಿಸಿಕೊಂಡಿತು ಎನ್ನುವವರಿದ್ದಾರೆ. ಅದು ನಿಜ. 2018-19ರಲ್ಲಿ 6.63 ಲಕ್ಷ ಕೋಟಿ ಇದ್ದ ಕಂಪನಿ ತೆರಿಗೆ ಮರುವರ್ಷ 5.57 ಲಕ್ಷ ಕೋಟಿಗೆ ಇಳಿದು, 2023-24ರ ವೇಳೆಗೆ 9.11 ಲಕ್ಷ ಕೋಟಿ ತಲುಪಿತು. ಆದರೆ ದೇಶದ ಒಟ್ಟು ಉತ್ಪನ್ನವೂ ಈ ಅವಧಿಯಲ್ಲಿ ಬೆಳೆದಿದೆ. ಅದಕ್ಕೆ ಹೋಲಿಸಿದರೆ ಕಂಪನಿ ತೆರಿಗೆಯ ಪಾಲು ಸುಮಾರು ಶೇ 3.5ರಿಂದ ಶೇ 3.1ರ ಆಸುಪಾಸಿಗೆ ಇಳಿದಿದೆ. ಅದೇ 2023-24ರಲ್ಲಿ ಜನಸಾಮಾನ್ಯರು ಕಟ್ಟಿದ ವೈಯಕ್ತಿಕ ಆದಾಯ ತೆರಿಗೆ ಹತ್ತು ಲಕ್ಷ ಕೋಟಿ ದಾಟಿ ಕಂಪನಿ ತೆರಿಗೆಯನ್ನು ಹಿಂದೆ ಹಾಕಿತು. ಲಾಭ ಏರಿದ ಕಾಲದಲ್ಲಿ ಲಾಭದ ಮೇಲಿನ ತೆರಿಗೆಯ ಪಾಲು ಇಳಿದರೆ, ಆ ಕೊರತೆಯನ್ನು ತುಂಬುವವರು ಸಂಬಳದವರು, ಸಾಬೂನು ಕೊಳ್ಳುವವರು, ಮಗುವಿಗೆ ಜ್ವರದ ಔಷಧಿ ಕೊಳ್ಳುವವರು. ನನ್ನ ಅಕ್ಕನ ಮಗಳು ಆದಾಯ ತೆರಿಗೆ ಕಟ್ಟುವುದಿಲ್ಲ. ಆದರೆ ತೆರಿಗೆಯನ್ನೇ ಕಟ್ಟುವುದಿಲ್ಲ ಎಂದಲ್ಲ.

ಈಗ ಎರಡು ಮೊತ್ತಗಳನ್ನೂ ಅಕ್ಕಪಕ್ಕ ಇಡುತ್ತೇನೆ. 2019-20ರ ಬಜೆಟ್‌ನಲ್ಲಿ ಮಾತೃ ವಂದನಾ ಯೋಜನೆಗೆ ಕೇಂದ್ರ ಇಟ್ಟಿದ್ದು 2,500 ಕೋಟಿ ರೂಪಾಯಿ. ಅದೇ ವರ್ಷ ಬಿಟ್ಟುಕೊಟ್ಟ ತೆರಿಗೆಯ ಅಂದಾಜು ಅದರ 58 ಪಟ್ಟು. ಆಹಾರ ಭದ್ರತಾ ಕಾಯ್ದೆಯನ್ನು ಅಕ್ಷರಶಃ ಪಾಲಿಸಿ, ದೇಶದಲ್ಲಿ ವರ್ಷಕ್ಕೆ ಆಗುವ ಸುಮಾರು ಎರಡೂವರೆ ಕೋಟಿ ಹೆರಿಗೆಗಳಿಗೂ ತಲಾ ಆರು ಸಾವಿರ ಕೊಟ್ಟರೆ ಹದಿನೈದು ಸಾವಿರ ಕೋಟಿ ಆಗುತ್ತದೆ. ಅದರಲ್ಲಿ ಶೇ 40ನ್ನು ರಾಜ್ಯಗಳು ಹೊತ್ತರೆ ಕೇಂದ್ರದ ಪಾಲು ಒಂಬತ್ತು ಸಾವಿರ ಕೋಟಿ. ಕಾಯ್ದೆಯ ಮಾತನ್ನು ಪೂರ್ತಿಯಾಗಿ ಉಳಿಸಿಕೊಳ್ಳಲು ಬೇಕಿದ್ದುದು ಆ ಶುಕ್ರವಾರ ಬಿಟ್ಟುಕೊಟ್ಟ ಮೊತ್ತದ ಹದಿನಾರನೆಯ ಒಂದು ಭಾಗ. ಮಾತೃತ್ವ ಭತ್ಯೆಯನ್ನು ಎಲ್ಲರಿಗೂ ವಿಸ್ತರಿಸಲು ಹಣವಿಲ್ಲ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಈ ಭಾಗಾಕಾರ ನೆನಪಾಗುತ್ತದೆ.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಬಾರದು. ತೆರಿಗೆ ಇಳಿಸಿದ್ದರಿಂದಲೇ ತಾಯಂದಿರ ಹಣ ಕಡಿತವಾಯಿತು ಎಂದು ನಾನು ಹೇಳಿದರೆ ಅದು ಪೂರ್ಣ ಸತ್ಯವಾಗದು. 2018-19ರಲ್ಲಿ, ಅಂದರೆ ತೆರಿಗೆ ಇಳಿಕೆಗೂ ಮೊದಲೇ, ಈ ಯೋಜನೆಗೆ ಇಟ್ಟ 2,400 ಕೋಟಿ ಪರಿಷ್ಕೃತ ಅಂದಾಜಿನಲ್ಲಿ 1,200 ಕೋಟಿಗೆ ಇಳಿದಿತ್ತು. 2020-21ರಲ್ಲೂ 2,500 ಕೋಟಿ 1,300 ಕೋಟಿಯಾಯಿತು. ಇಟ್ಟ ಹಣವೂ ಖರ್ಚಾಗದೆ ಉಳಿಯಿತು ಎಂದೇ ಇದರ ಅರ್ಥ. ಬಸುರಿಯರ ಸಂಖ್ಯೆ ಅರ್ಧಕ್ಕೆ ಇಳಿದಿರಲಿಲ್ಲ. ಕಾಗದ ಹೊಂದಿಸಲಾಗದೆ ಹಿಂದಿರುಗಿದವರು, ಎರಡನೆಯ ಕಂತಿನವರೆಗೆ ಬಂದು ಮೂರನೆಯದನ್ನು ಕೈಬಿಟ್ಟವರು, ಖಾತೆಗೆ ಹಣ ಬೀಳದೆ ಯಾರನ್ನು ಕೇಳಬೇಕೆಂದು ತಿಳಿಯದವರು ಎಲ್ಲರೂ ಬಜೆಟ್ ಪುಸ್ತಕದಲ್ಲಿ ಉಳಿತಾಯವಾಗಿ ಕಾಣಿಸಿಕೊಂಡರು. ಷರತ್ತುಗಳಿಗೂ ಹಣಕಾಸಿನ ಬೆಲೆ ಇದೆ ಎಂಬುದನ್ನು ನಾನು ಹದಿನೈದು ವರ್ಷ ಲೆಕ್ಕ ಬರೆದ ಮೇಲೂ ಗಮನಿಸಿರಲಿಲ್ಲ. ಈ ಎರಡು ಸಾಲುಗಳನ್ನು ನೋಡಿದ ಮೇಲೆ ಅರ್ಥವಾಯಿತು.

ಅಕ್ಕನ ಮಗಳ ಹೆರಿಗೆಯ ಸಂಗತಿಯನ್ನು ಇಷ್ಟಾದರೂ ಹೇಳಬೇಕು. ಅಕ್ಟೋಬರ್‌ನ ಒಂದು ರಾತ್ರಿ ನೋವು ಶುರುವಾಗಿ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಬೆಳಗಿನ ಜಾವ ಸಿಸೇರಿಯನ್ ಬೇಕೆಂದು ತೀರ್ಮಾನವಾಯಿತು. ಹೆರಿಗೆ ವೈದ್ಯೆ ಇದ್ದರು, ದಾದಿಯರು ಇದ್ದರು, ಅರಿವಳಿಕೆ ಕೊಡುವ ವೈದ್ಯರು ಇರಲಿಲ್ಲ. ಆ ಹುದ್ದೆ ಖಾಲಿ ಇತ್ತು. ಅವಳ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಿದ್ದುದರಿಂದ ಏರಿಸಲು ರಕ್ತ ಸಿದ್ಧವಿಲ್ಲದೆ ಮುಂದುವರಿಯಲು ಯಾರಿಗೂ ಧೈರ್ಯವಾಗಲಿಲ್ಲ. 108ರಲ್ಲಿ ಎಂಬತ್ತು ಕಿಲೋಮೀಟರ್ ದೂರದ ಊರಿಗೆ ಹೋದರು. ತಾಯಿ ಮಗು ಇಬ್ಬರೂ ಉಳಿದರು. ಆ ರಾತ್ರಿ ಆಸ್ಪತ್ರೆಯಲ್ಲಿದ್ದ ಯಾರ ಮೇಲೂ ನನಗೆ ಸಿಟ್ಟಿಲ್ಲ; ಇದ್ದವರು ತಮ್ಮ ಕೈಲಾದದ್ದೆಲ್ಲ ಮಾಡಿದ್ದರು. ಇರಬೇಕಾಗಿದ್ದ ಒಬ್ಬರು ಇರಲಿಲ್ಲ, ಅವರ ಸಂಬಳ ಯಾವ ಬಜೆಟ್ಟಿನ ಯಾವ ಸಾಲಿನಲ್ಲೂ ಜೀವಂತವಾಗಿರಲಿಲ್ಲ, ಅಷ್ಟೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದಲ್ಲಿ ಹತ್ತಕ್ಕೆ ನಾಲ್ಕರಷ್ಟಿದ್ದ ಆಸ್ಪತ್ರೆ ಹೆರಿಗೆ 2019-21ರ ವೇಳೆಗೆ ಶೇ 88.6ಕ್ಕೆ ಏರಿತು, ಕರ್ನಾಟಕದಲ್ಲಿ ಅದು ಶೇ 97. ಆಸ್ಪತ್ರೆಯಲ್ಲಿ ಹೆರುವ ಬಡ ತಾಯಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ, ಉಚಿತ ಹೆರಿಗೆ ಮತ್ತು ಉಚಿತ ಔಷಧಿಯ ಭರವಸೆ ಕೊಟ್ಟ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ನಮ್ಮ ರಾಜ್ಯದ ಮಡಿಲು ಕಿಟ್, ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನ, ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ, ಇವೆಲ್ಲವುಗಳ ಹಿಂದೆ ಸಾವಿರಾರು ಆಶಾ ಕಾರ್ಯಕರ್ತೆಯರ ನಡಿಗೆ ಇದೆ. ಈ ಸಾಧನೆಯನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ತಾಯಿಯನ್ನು ಆಸ್ಪತ್ರೆಯ ಬಾಗಿಲಿಗೆ ತಂದ ಮೇಲೆ ಒಳಗೆ ಏನಿದೆ ಎಂಬುದು ಹೆಚ್ಚು ಖರ್ಚಿನ ಪ್ರಶ್ನೆ. 2018-20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ, ತಮಿಳುನಾಡಿನಲ್ಲಿ 54, ಆಂಧ್ರಪ್ರದೇಶದಲ್ಲಿ 45, ತೆಲಂಗಾಣದಲ್ಲಿ 43, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ಕೊನೆಯ ಸ್ಥಾನ ನಮ್ಮದು. ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ನಂತರ ಒಬ್ಬರು ತೀರಿಕೊಂಡು, ಸಾವಿನ ಸಂಖ್ಯೆ ಐದಕ್ಕೆ ಮುಟ್ಟಿ, ಅವರಿಗೆ ಏರಿಸಿದ್ದ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದಾಗ ಇಡೀ ರಾಜ್ಯ ತಲ್ಲಣಿಸಿತು. ಔಷಧಿ ಕೊಳ್ಳುವುದು ಮಾತ್ರವಲ್ಲ, ಕೊಂಡದ್ದನ್ನು ಪರೀಕ್ಷಿಸುವುದೂ ಖರ್ಚಿನ ಕೆಲಸ. ಪ್ರಯೋಗಾಲಯ, ತಜ್ಞ, ತಪಾಸಣಾಧಿಕಾರಿ ಇವರು ಯಾವ ಉದ್ಘಾಟನಾ ಫಲಕದಲ್ಲೂ ಕಾಣಿಸುವುದಿಲ್ಲ.

ಆರೋಗ್ಯ ರಾಜ್ಯಗಳ ಹೊಣೆ, ಕಂಪನಿ ತೆರಿಗೆ ಕೇಂದ್ರದ ವಿಷಯ. ಒಂದಕ್ಕೊಂದು ಏನು ಸಂಬಂಧ ಎಂದು ಒಬ್ಬ ಹಿರಿಯ ಸಹೋದ್ಯೋಗಿ ನನ್ನನ್ನು ಕೇಳಿದ್ದರು. ಸಂಬಂಧ ಬಹಳ ನೇರವಾಗಿದೆ. ಕಂಪನಿ ತೆರಿಗೆ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ತೆರಿಗೆ. 15ನೇ ಹಣಕಾಸು ಆಯೋಗದ ಸೂತ್ರದಂತೆ 2025-26ರವರೆಗೆ ಹಂಚಿಕೆಯ ಬುಟ್ಟಿಯ ಶೇ 41 ರಾಜ್ಯಗಳದ್ದಾಗಿತ್ತು, ಅದರಲ್ಲಿ ಕರ್ನಾಟಕದ ಪಾಲು ಶೇ 3.647, ಹಿಂದಿನ ಆಯೋಗದಲ್ಲಿ ಅದು ಶೇ 4.713 ಇತ್ತು. ಅಂದರೆ ಮೂಲ ದರವನ್ನು ಇಳಿಸುವ ನಿರ್ಧಾರ ದೆಹಲಿಯದ್ದಾದರೂ ಅದರ ನಷ್ಟದ ಐದರಲ್ಲಿ ಎರಡು ಪಾಲು ರಾಜ್ಯಗಳ ತಲೆಗೆ ಬರುತ್ತದೆ. 1.45 ಲಕ್ಷ ಕೋಟಿಯ ಅಂದಾಜನ್ನೇ ಹಿಡಿದರೆ ಕರ್ನಾಟಕಕ್ಕೆ ವರ್ಷಕ್ಕೆ ಎರಡು ಸಾವಿರ ಕೋಟಿಯ ಆಸುಪಾಸು. ರಾಜ್ಯದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆರಿಗೆಗಳು ಆಗುತ್ತವೆ ಎಂದಿಟ್ಟುಕೊಂಡರೆ ಹೆರಿಗೆಯೊಂದಕ್ಕೆ ಇಪ್ಪತ್ತು ಸಾವಿರ ರೂಪಾಯಿ. ಆ ಹಣ ಬಂದಿದ್ದರೆ ಪೂರ್ತಿಯಾಗಿ ಹೆರಿಗೆ ವಾರ್ಡುಗಳಿಗೇ ಹೋಗುತ್ತಿತ್ತು ಎಂದು ನಾನು ನಂಬಿಲ್ಲ. ಆದರೆ ಅರಿವಳಿಕೆ ವೈದ್ಯರ ಖಾಲಿ ಹುದ್ದೆಗೆ ಹಣಕಾಸು ಇಲಾಖೆಯ ಒಪ್ಪಿಗೆ ಸಿಗದಿರುವುದಕ್ಕೂ ಬೊಕ್ಕಸದ ಬಡತನಕ್ಕೂ ಇರುವ ನಂಟು ಕಲ್ಪನೆಯದ್ದಲ್ಲ.

ಇದಕ್ಕೆ ತಿರುಗುಮುರುಗಾದ ಇನ್ನೊಂದು ಸಂಗತಿಯೂ ಇದೆ. 2018-19ರಿಂದ ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ವಿಧಿಸಲಾಗುತ್ತಿದೆ. ಹೆಸರಿನಲ್ಲಿ ಆರೋಗ್ಯವಿದ್ದರೂ ಸೆಸ್ ಹಂಚಿಕೆಯ ಬುಟ್ಟಿಗೆ ಸೇರುವುದಿಲ್ಲ. ಆಸ್ಪತ್ರೆಗಳನ್ನು ನಡೆಸುವ ರಾಜ್ಯಕ್ಕೆ ಅದರಲ್ಲಿ ಹಕ್ಕಿನ ಪಾಲಿಲ್ಲ. ಹಂಚಿಕೊಳ್ಳಬೇಕಾದ ತೆರಿಗೆಯನ್ನು ಇಳಿಸಿ ಹಂಚಿಕೊಳ್ಳಬೇಕಾಗಿಲ್ಲದ ಸೆಸ್ಸನ್ನು ಉಳಿಸಿಕೊಂಡರೆ, ತಾಲ್ಲೂಕು ಆಸ್ಪತ್ರೆಯ ಸಂಬಳದ ಪಟ್ಟಿಗೆ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್, ಕೊಡುತ್ತವಲ್ಲ ಎಂಬ ಮಾತನ್ನೂ ಕೇಳಿದ್ದೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಅದರ ಲೆಕ್ಕಗಳನ್ನು ನಾನು ಪರಿಶೀಲಿಸಿದ್ದೇನೆ. ಪ್ರಾಮಾಣಿಕವಾಗಿ ಒಳ್ಳೆಯ ಕೆಲಸ ಮಾಡಿದವರನ್ನೂ ಕಂಡಿದ್ದೇನೆ. ಆದರೆ ಕಾಯ್ದೆಯೇ ಕಂಪನಿ ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಕಂಪನಿಗಳು ಇರುವುದು ಬೆಂಗಳೂರಿನಲ್ಲಿ, ಯಾದಗಿರಿಯಲ್ಲಲ್ಲ. ಅಲ್ಲದೆ ಈ ಹಣ ಒಂದು ಬಾರಿಯ ವಸ್ತುವಾಗಿ ಬರುತ್ತದೆ: ಒಂದು ಯಂತ್ರ, ಒಂದು ಕಟ್ಟಡ, ಒಂದು ಆಂಬುಲೆನ್ಸ್. ತಿಂಗಳು ತಿಂಗಳು ಮೂವತ್ತು ವರ್ಷ ಕೊಡಬೇಕಾದ ಸಂಬಳವಾಗಿ ಬರುವುದಿಲ್ಲ. ನಾನು ಭೇಟಿ ಕೊಟ್ಟ ಒಂದು ಆಸ್ಪತ್ರೆಯಲ್ಲಿ ದಾನವಾಗಿ ಬಂದ ಸ್ಕ್ಯಾನಿಂಗ್ ಯಂತ್ರ ಹೊದಿಕೆ ಹೊದ್ದು ಕುಳಿತಿತ್ತು, ಏಕೆಂದರೆ ಅದನ್ನು ನಡೆಸುವ ತಜ್ಞರ ಹುದ್ದೆ ಮಂಜೂರಾಗಿರಲಿಲ್ಲ. ಹೆರಿಗೆಯ ಅವಘಡ ರಾತ್ರಿ ಎರಡು ಗಂಟೆಗೆ ಆಗುತ್ತದೆ. ಆಗ ಬೇಕಾದದ್ದು ಎಚ್ಚರವಾಗಿರುವ ಒಬ್ಬ ಮನುಷ್ಯ; ಆ ಮನುಷ್ಯನನ್ನು ತೆರಿಗೆಯ ಹಣವಲ್ಲದೆ ಬೇರೆ ಯಾವುದೂ ಅಲ್ಲಿ ಕೂರಿಸಲಾರದು.

ಇನ್ನೊಂದು ಲೆಕ್ಕ ನನ್ನನ್ನು ಬಹುಕಾಲ ಕಾಡಿದೆ. 2017ರ ತಿದ್ದುಪಡಿಯ ನಂತರ ಸಂಘಟಿತ ವಲಯದ ಮಹಿಳೆಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಇದೆ. ಅದು ಅವಳ ನ್ಯಾಯವಾದ ಹಕ್ಕು. ನಾನೂ ಆ ರಜೆ ಪಡೆದವಳು. ಆ ಸಂಬಳ ಕಂಪನಿಯ ವೆಚ್ಚವಾಗಿ ಲಾಭದಿಂದ ಕಳೆಯಲ್ಪಡುತ್ತದೆ. ಆದ್ದರಿಂದ ಶೇ 25.17 ತೆರಿಗೆ ಕಟ್ಟುವ ಕಂಪನಿಯಲ್ಲಿ ಅದರ ಕಾಲು ಭಾಗವನ್ನು ಸರ್ಕಾರವೇ ತೆರಿಗೆ ಬಿಟ್ಟುಕೊಟ್ಟು ಭರಿಸಿದಂತೆ. ತಿಂಗಳಿಗೆ ಅರವತ್ತು ಸಾವಿರ ಸಂಬಳದವಳ ಆರು ತಿಂಗಳ ರಜೆಯಲ್ಲಿ ಬೊಕ್ಕಸದ ಪಾಲು ತೊಂಬತ್ತು ಸಾವಿರವಾಗುತ್ತದೆ. ಯಾರೂ ನನ್ನ ಗಂಡನ ಆಧಾರ್ ಕೇಳಲಿಲ್ಲ. ಹತ್ತಿ ಬಿಡಿಸುವ ನನ್ನ ಅಕ್ಕನ ಮಗಳಿಗೆ ಕೊಡಮಾಡಿದ್ದು ಐದು ಸಾವಿರ. 2019-20ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 249 ರೂಪಾಯಿ ಇತ್ತು. ಅಂದರೆ ಐದು ಸಾವಿರ ಇಪ್ಪತ್ತು ದಿನದ ಕೂಲಿ. 2025-26ರ 370 ರೂಪಾಯಿಯ ಕೂಲಿಗೆ ಹೋಲಿಸಿದರೆ ಅದೇ ಐದು ಸಾವಿರ ಹದಿಮೂರು ಹದಿನಾಲ್ಕು ದಿನಕ್ಕೆ ಇಳಿದಿದೆ. ಜನನಿ ಸುರಕ್ಷಾ ಯೋಜನೆಯಲ್ಲಿ ನಮ್ಮಂಥ ರಾಜ್ಯದ ಗ್ರಾಮೀಣ ಬಡ ತಾಯಿಗೆ ಗೊತ್ತುಮಾಡಿದ ಏಳುನೂರು ರೂಪಾಯಿಯ ಕಥೆಯೂ ಇದೇ.

ತಮಿಳುನಾಡು ಬಹಳ ಹಿಂದೆಯೇ, 1987ರಲ್ಲಿ, ಬಡ ಗರ್ಭಿಣಿಯರಿಗಾಗಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನ ಯೋಜನೆಯನ್ನು ಆರಂಭಿಸಿ, ಮೊತ್ತವನ್ನು ಕಾಲಕಾಲಕ್ಕೆ ಏರಿಸುತ್ತ 18,000 ರೂಪಾಯಿಗೆ ತಂದಿದೆ. ಒಡಿಶಾ 2011ರಲ್ಲೇ ಮಮತಾ ಯೋಜನೆ ತಂದಿತು. ಕರ್ನಾಟಕ 2018ರಲ್ಲಿ ಮಾತೃಶ್ರೀ ಯೋಜನೆಯನ್ನು ಘೋಷಿಸಿತು. ರಾಜ್ಯದ ಮನಸ್ಸಿದ್ದರೆ ಆಗುತ್ತದೆ ಎನ್ನಲು ಇವು ಸಾಕ್ಷಿ. ಆದರೆ ಎಲ್ಲ ರಾಜ್ಯಗಳಿಗೂ ತಮಿಳುನಾಡಿನ ಆದಾಯವಿಲ್ಲ, ಮತ್ತು ಕೇಂದ್ರದ ಕಾಯ್ದೆಯೊಂದು ಕೊಟ್ಟ ಹಕ್ಕನ್ನು ರಾಜ್ಯಗಳ ಔದಾರ್ಯಕ್ಕೆ ಬಿಡುವುದು ಸರಿಯಲ್ಲ.

ಹಾಗಾದರೆ ನಾನು ಬಯಸುವುದೇನು? ಕಂಪನಿ ತೆರಿಗೆಯನ್ನು ನಾಳೆಯೇ ಹಳೆಯ ದರಕ್ಕೆ ಒಯ್ಯಿರಿ ಎಂದಲ್ಲ. ತೆರಿಗೆ ನೀತಿ ವರ್ಷಕ್ಕೊಮ್ಮೆ ತಿರುಗುವ ಗಾಳಿಪಟವಾಗಬಾರದೆಂದು ಈ ವೃತ್ತಿ ನನಗೆ ಕಲಿಸಿದೆ. ಆದರೆ ಬಿಟ್ಟುಕೊಟ್ಟ ತೆರಿಗೆಯೂ ಖರ್ಚೇ ಎಂದು ಒಪ್ಪಿ, ಅದನ್ನು ಬೇರೆ ಖರ್ಚಿನಂತೆಯೇ ಪ್ರತಿವರ್ಷ ಪ್ರಶ್ನಿಸಬೇಕು. ಈ ದರದಿಂದ ಯಾವ ಗಾತ್ರದ ಕಂಪನಿಗಳಿಗೆ ಎಷ್ಟು ಉಳಿಯಿತು, ಅದರಲ್ಲಿ ಎಷ್ಟು ಹೂಡಿಕೆಯಾಯಿತು, ಎಷ್ಟು ಲಾಭಾಂಶವಾಗಿ ಹಂಚಿಹೋಯಿತು ಎಂಬುದನ್ನು ಸಂಸತ್ತಿನ ಮುಂದೆ ಇಡಬೇಕು. ಭತ್ಯೆ ಎಲ್ಲ ಹೆರಿಗೆಗಳಿಗೂ ಸಿಗಬೇಕು, ಕೂಲಿ ಏರಿದಂತೆ ತಾನೂ ಏರಬೇಕು, ಮತ್ತು ತಾಯಿ ಕಾರ್ಡ್ ಒಂದೇ ಅದಕ್ಕೆ ಸಾಕಾಗಬೇಕು. ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವೈದ್ಯರು, ಅರಿವಳಿಕೆ ವೈದ್ಯರು ಮತ್ತು ರಕ್ತ ಸಂಗ್ರಹ ಘಟಕಗಳ ಸಂಬಳದ ಒಂದು ಭಾಗವನ್ನು, ಆರೋಗ್ಯದ ಹೆಸರಿನಲ್ಲಿಯೇ ಎತ್ತುವ ಸೆಸ್‌ನಿಂದ, ರಾಜ್ಯಗಳಿಗೆ ಹಕ್ಕಾಗಿ ಕೊಡಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಒಟ್ಟು ಉತ್ಪನ್ನದ ಶೇ 2.5ಕ್ಕೆ ಏರಿಸುವುದಾಗಿ ಹೇಳಿತ್ತು. ಕೋವಿಡ್‌ನ ಖರ್ಚು ಸೇರಿಯೂ 2021-22ರಲ್ಲಿ ಅದು ಶೇ 1.84 ಮಾತ್ರ ಇತ್ತು. ಲಾಭ ಇಷ್ಟು ಏರಿರುವ ಕಾಲದಲ್ಲಿ ಆ ಅಂತರವನ್ನು ತುಂಬಲು ಕಂಪನಿಗಳಿಂದ ಇನ್ನಷ್ಟು ಕೇಳುವುದು ಅನ್ಯಾಯವೆಂದು ನನಗೆ ಅನಿಸುವುದಿಲ್ಲ.

ಅಕ್ಕನ ಮಗಳ ಮೂರನೆಯ ಕಂತು ಕೊನೆಗೂ ಬರಲಿಲ್ಲ. ಅಳಿಯನ ಆಧಾರ್ ತಿದ್ದುಪಡಿಗೆ ಓಡಾಡುತ್ತಿರುವಾಗಲೇ ಲಾಕ್‌ಡೌನ್ ಬಂತು, ಕಚೇರಿಗಳು ಮುಚ್ಚಿದವು, ಮುಂದೆ ತೆರೆದವು, ಮತ್ತೆ ದಟ್ಟಣೆಯಾಯಿತು. 2021ರ ಜನವರಿಯಲ್ಲಿ ಅವಳ 730 ದಿನಗಳು ಮುಗಿದವು. ಅದೇ ಅವಧಿಗೆ ಸಂಬಂಧಿಸಿದ 10-ಐಸಿ ಫಾರಂ ಅನ್ನು ಗಡುವಿನೊಳಗೆ ಸಲ್ಲಿಸಲು ಮರೆತ ಕಂಪನಿಗಳೂ ಇದ್ದವು. ಅವುಗಳ ಕಷ್ಟವನ್ನು ಮನಗಂಡು, ರಿಟರ್ನ್ಸ್ ಸಕಾಲಕ್ಕೆ ಸಲ್ಲಿಸಿ ಅದರಲ್ಲಿ ಈ ದರವನ್ನು ಆಯ್ದುಕೊಂಡಿದ್ದರೆ ಸಾಕೆಂದು, ಕೇಂದ್ರ ನೇರ ತೆರಿಗೆ ಮಂಡಳಿ 2022ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿ ಜೂನ್ 30ರವರೆಗೆ ಅವಕಾಶ ಕೊಟ್ಟಿತು. ಮರುವರ್ಷದ ಫಾರಂ ತಪ್ಪಿಸಿಕೊಂಡವರಿಗೂ 2024ರ ಜನವರಿ 31ರವರೆಗೆ ಹಾಗೆಯೇ ವಿಳಂಬ ಮನ್ನಾ ಆಯಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಫಾರಂ ತಡವಾದ ಮಾತ್ರಕ್ಕೆ ಹಕ್ಕು ಹೋಗಬಾರದು. ಆ ಸುತ್ತೋಲೆಯನ್ನು ಓದುವಾಗ, ಇಷ್ಟು ತಿಳಿವಳಿಕೆಯ ಭಾಷೆಯಲ್ಲಿ ಬಸುರಿಯರಿಗೂ ಒಂದು ಸುತ್ತೋಲೆ ಬರೆಯಲು ಯಾವ ಅಡ್ಡಿಯಿತ್ತು ಎಂದು ಬಹಳ ಹೊತ್ತು ಯೋಚಿಸಿದೆ.

2023ರಲ್ಲಿ ಅವಳು ಎರಡನೆಯ ಬಾರಿ ಹೆತ್ತಳು. ಆ ಹೊತ್ತಿಗೆ ಯೋಜನೆ ಬದಲಾಗಿತ್ತು. ಎರಡನೆಯ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ ಆರು ಸಾವಿರ. ಹೆಣ್ಣು ಶಿಶುವಿನ ಹಿತಕ್ಕೆಂದು ಮಾಡಿದ ನಿಯಮ ಅದು, ಅದರ ಉದ್ದೇಶ ನನಗೆ ಅರ್ಥವಾಗುತ್ತದೆ. ಅಂಗನವಾಡಿಯ ಟೀಚರ್ ಐದನೆಯ ದಿನಕ್ಕೆ ಮನೆಗೆ ಬಂದು, ತೊಟ್ಟಿಲಲ್ಲಿ ಇಣುಕಿ, "ಗಂಡು ಏನಬೇ?" ಎಂದು ಕೇಳಿದರಂತೆ. ಹೌದೆಂದ ಮೇಲೆ ಮಗುವಿನ ಕೆನ್ನೆ ಸವರಿ, ತಂದಿದ್ದ ಫಾರಂ ಅನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಹೋದರು. ಹೊಲಿಗೆ ಹಾಕಿದ ಹೊಟ್ಟೆ ಎರಡನೆಯ ಬಾರಿಯೂ ಅದೇ ಆಗಿತ್ತು, ಹೊಲಕ್ಕೆ ಹೋಗಲಾಗದ ದಿನಗಳೂ ಅಷ್ಟೇ ಇದ್ದವು. ಆ ವಾರ ನನ್ನ ಕಚೇರಿಗೆ ಒಂದು ಕಂಪನಿಯ ಲೆಕ್ಕಾಧಿಕಾರಿ ಫೋನ್ ಮಾಡಿ, ಈ ವರ್ಷವೂ 10-ಐಸಿ ಸಲ್ಲಿಸಬೇಕೆ ಎಂದು ವಿಚಾರಿಸಿದರು. ಬೇಡ, ಒಮ್ಮೆ ಸಲ್ಲಿಸಿದ್ದು ಮುಂದಿನ ಎಲ್ಲ ವರ್ಷಗಳಿಗೂ ಅನ್ವಯಿಸುತ್ತದೆ ಎಂದು ಹೇಳಿ ಫೋನ್ ಇಟ್ಟೆ.